ಗಡಿನಾಡಿನ ಬಿಸಿಲಿಗೆ ಬಂದ ಬೋರ್ಡೋ: ಫ್ರಾನ್ಸಿನ ಕೆಂಪು ವೈನನ್ನು ಇಡುವ, ತೆರೆಯುವ, ಬಡಿಸುವ ಬಗೆ

ಬೋರ್ಡೋ ಎಂಬ ಹೆಸರು ನಮ್ಮ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಹೊಸದಲ್ಲ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಹಳ್ಳಿಗಳಲ್ಲಾಗಲಿ, ದಕ್ಷಿಣ ಸೋಲಾಪುರ ಮತ್ತು ಅಕ್ಕಲಕೋಟೆಯ ಕಡೆಗಾಗಲಿ, ದ್ರಾಕ್ಷಿ ಪಡ ಇರುವ ಯಾವ ಮನೆಯಲ್ಲಿ ಕೇಳಿದರೂ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದು, ಬಳ್ಳಿಯ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಅಳತೆಯನ್ನು ಬಾಯಿಪಾಠವಾಗಿ ಹೇಳುತ್ತಾರೆ. ಆದರೆ ಆ ದ್ರಾವಣಕ್ಕೆ ಹೆಸರು ಕೊಟ್ಟ ನಾಡಿನ ಹಣ್ಣು ಬಾಟಲಿಯ ರೂಪದಲ್ಲಿ ಮನೆಗೆ ಬಂದರೆ ಅದನ್ನು ಹೇಗೆ ನೋಡಿಕೊಳ್ಳಬೇಕೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಒಂದು ಒಳ್ಳೆಯ ಬಾಟಲಿಯನ್ನು ಕೈಯಾರೆ ಕೆಡಿಸಿಕೊಂಡ ಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ದ್ರಾವಣದ ಸಂಗತಿಯನ್ನೇ ಹೇಳಬೇಕು, ಏಕೆಂದರೆ ನಾನು ಉದಾಹರಣೆಯಾಗಿ ತೆಗೆದುಕೊಳ್ಳುವ ವೈನ್ ಹುಟ್ಟುವುದೂ ಅದೇ ಊರಿನಲ್ಲಿ. 1882ರ ಅಕ್ಟೋಬರಿನಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ಡೆ ಅವರು ಸೇಂ-ಜೂಲಿಯಾಂ ಎಂಬ ಊರಿನ ಪಡಗಳ ನಡುವೆ ಹೋಗುತ್ತಿದ್ದಾಗ, ಎಲ್ಲೆಡೆ ದಾವಣಿ (ಡೌನಿ ಮಿಲ್ಡ್ಯೂ) ಎಂಬ ಬೂಜುರೋಗದಿಂದ ಎಲೆ ಉದುರಿದ್ದರೂ ದಾರಿಯ ಪಕ್ಕದ ಸಾಲುಗಳು ಮಾತ್ರ ಹಸಿರಾಗಿ ನಿಂತಿರುವುದನ್ನು ಕಂಡರು. ವಿಚಾರಿಸಿದಾಗ ತಿಳಿದದ್ದು ಇಷ್ಟು: ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲೆಂದು ಬೆಳೆಗಾರರು ಆ ಸಾಲುಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಕಲಸಿ ಬಳಿದಿದ್ದರು. ಕಳ್ಳರಿಗೆ ಹಚ್ಚಿದ ಮದ್ದು ರೋಗಕ್ಕೆ ನಾಟಿತ್ತು. ಮಿಲಾರ್ಡೆ ಅದನ್ನು ಪರೀಕ್ಷಿಸಿ 1885ರಲ್ಲಿ ಪ್ರಕಟಿಸಿದರು.

ಆ ಸೇಂ-ಜೂಲಿಯಾಂನಲ್ಲಿಯೇ ಶಾತೋ ಲೆಯೊವೀಲ್ ಬಾರ್ಟನ್ ಎಂಬ ತೋಟವಿದೆ. ಬಾರ್ಟನ್ ಮನೆತನದವರು ಮೂಲತಃ ಐರ್ಲೆಂಡಿನವರು; ಥಾಮಸ್ ಬಾರ್ಟನ್ ಎಂಬವರು 1722ರಲ್ಲಿ ಬೋರ್ಡೋಗೆ ವ್ಯಾಪಾರಕ್ಕೆಂದು ಬಂದರು, ಅವರ ವಂಶದ ಹ್ಯೂ ಬಾರ್ಟನ್ 1821ರಲ್ಲಿ ಲಾಂಗೊವಾ ಎಂಬ ತೋಟವನ್ನೂ 1826ರಲ್ಲಿ ಲೆಯೊವೀಲ್ ತೋಟದ ಒಂದು ಪಾಲನ್ನೂ ಕೊಂಡರು. ಅಂದಿನಿಂದ ಇಂದಿನವರೆಗೆ ಆ ಎರಡೂ ತೋಟಗಳು ಅದೇ ಕುಟುಂಬದ ಕೈಯಲ್ಲಿವೆ. ಶಾತೋ ಎಂದರೆ ಅರಮನೆ. ಆದರೆ ಲೆಯೊವೀಲ್ ಬಾರ್ಟನ್‌ಗೆ ತನ್ನದೇ ಆದ ಅರಮನೆಯೇ ಇಲ್ಲ, ಲೇಬಲ್ಲಿನ ಮೇಲಿರುವ ಚಿತ್ರ ಪಕ್ಕದ ಲಾಂಗೊವಾದ್ದು. ಇದು ನನಗೆ ಹಿಡಿಸಿದ ಸಂಗತಿ. ನಮ್ಮಲ್ಲಿಯೂ ಎಷ್ಟೋ ಒಳ್ಳೆಯ ಪಡಗಳಿಗೆ ಮೋಟಾರಿನ ಕೋಣೆಯೊಂದನ್ನು ಬಿಟ್ಟರೆ ಬೇರೆ ಕಟ್ಟಡವಿರುವುದಿಲ್ಲ.

ಲೇಬಲ್ ಓದುವುದು

ಬಾಟಲಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಅದು ಬೆಳೆದವರ ಮನೆಯಲ್ಲಿಯೇ ತುಂಬಿದ್ದೋ, ವ್ಯಾಪಾರಿಯೊಬ್ಬರು ಹತ್ತು ಕಡೆಯಿಂದ ಕೊಂಡು ಸೇರಿಸಿ ತುಂಬಿದ್ದೋ ಎಂಬುದನ್ನು. ತಾಸಗಾಂವದ ಬೇದಾಣಿ (ಒಣದ್ರಾಕ್ಷಿ) ಸೌದಾಕ್ಕೆ ಹೋದವರಿಗೆ ಈ ವ್ಯತ್ಯಾಸವನ್ನು ವಿವರಿಸಿ ಹೇಳಬೇಕಾಗಿಲ್ಲ: ಅಡತಿಯಲ್ಲಿ ಬೇರೆ ಬೇರೆ ರೈತರ ಮಾಲು ಸೇರಿ ಒಂದೇ ಡಬ್ಬಿಗೆ ಬೀಳುವುದು ಒಂದು ರೀತಿ, ಒಬ್ಬ ರೈತ ತನ್ನ ರ‍್ಯಾಕಿನ ಮಾಲನ್ನು ತನ್ನ ಹೆಸರಿನಲ್ಲೇ ಮಾರುವುದು ಇನ್ನೊಂದು ರೀತಿ. ಫ್ರಾನ್ಸಿನ ಲೇಬಲ್ಲಿನಲ್ಲಿ 'ಮಿ ಝಾಂ ಬುತೇಯ್ ಓ ಶಾತೋ' ಎಂದಿದ್ದರೆ ತೋಟದಲ್ಲಿಯೇ ಬಾಟಲಿಗೆ ತುಂಬಿದ್ದು ಎಂದು ಅರ್ಥ. ಫ್ರಾನ್ಸಿನ ಇನ್ನೊಂದು ವೈನ್ ಸೀಮೆಯಾದ ಬರ್ಗಂಡಿಯ ಬಾಟಲಿಯಾದರೆ ಕೊನೆಯ ಪದ ಶಾತೋ ಬದಲು 'ದೊಮೇನ್' ಎಂದಿರುತ್ತದೆ. ಸಣ್ಣ ಕುಟುಂಬಗಳ ಅನೇಕ ಬಾಟಲಿಗಳ ಮೇಲೆ, ಹೆಗಲ ಮೇಲೆ ಪೀಪಾಯಿ ಹೊತ್ತು ನಡೆಯುವ ಮನುಷ್ಯನ ಚಿಕ್ಕ ಗುರುತೂ ಇರುತ್ತದೆ. ಅದು ಸ್ವತಂತ್ರ ಬೆಳೆಗಾರರ ಸಂಘದ ಗುರುತು.

ಎರಡನೆಯದಾಗಿ ಊರಿನ ಹೆಸರನ್ನು ನೋಡಬೇಕು. ಫ್ರಾನ್ಸಿನವರು ತಳಿಗಿಂತ ನೆಲವನ್ನು ಮುಂದಿಡುತ್ತಾರೆ. ಲೇಬಲ್ಲಿನಲ್ಲಿ ಸೇಂ-ಜೂಲಿಯಾಂ ಎಂದಿರುತ್ತದೆಯೇ ಹೊರತು ಕ್ಯಾಬರ್ನೆ ಸೋವಿನ್ಯೋ ಎಂಬ ತಳಿಯ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಊರಿನ ಹೆಸರನ್ನು ಹೀಗೆ ಬಳಸಲು ಯಾವ ತಳಿ, ಎಕರೆಗೆ ಎಷ್ಟು ಇಳುವರಿ, ಯಾವ ಗಡಿಯೊಳಗಿನ ನೆಲ ಎಂಬುದಕ್ಕೆಲ್ಲ ಕಟ್ಟುನಿಟ್ಟಿನ ನಿಯಮಗಳಿದ್ದು, ಈ ವ್ಯವಸ್ಥೆ 1935ರ ಕಾನೂನಿನಿಂದ ನೆಲೆಗೊಂಡಿತು. ಲೆಯೊವೀಲ್ ಬಾರ್ಟನ್ ಬಾಟಲಿಯ ಮೇಲಿರುವ 1855 ಎಂಬುದು ವೈನಿನ ವಯಸ್ಸಲ್ಲ. ಆ ವರ್ಷ ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕಾಗಿ ಬೋರ್ಡೋದ ತೋಟಗಳನ್ನು ಐದು ದರ್ಜೆಗಳಲ್ಲಿ ಪಟ್ಟಿ ಮಾಡಿದಾಗ ಈ ತೋಟ ಎರಡನೆಯ ದರ್ಜೆಯಲ್ಲಿ ಬಂದಿತ್ತು. ನಮ್ಮ ನೆಂಟರೊಬ್ಬರು ಅದನ್ನು ನೋಡಿ, ನೂರೈವತ್ತು ವರ್ಷದ ಹಿಂದಿನ ಸರಕೆಂದು ತಿಳಿದು ಬಾಟಲಿಗೆ ಕೈಮುಗಿದಿದ್ದರು.

ಮೂರನೆಯದು ವರ್ಷ. ಇದನ್ನು ಪಟ್ಟಣದವರಿಗಿಂತ ನಾವು ಬೇಗ ಅರ್ಥಮಾಡಿಕೊಳ್ಳುತ್ತೇವೆ. ಹೂವಿನಲ್ಲಿ ಅವಕಾಳಿ ಮಳೆ ಬಿದ್ದ ವರ್ಷದ ಮಾಲಿಗೂ ಬಿಸಿಲು ಸರಿಯಾಗಿ ಕಾಯ್ದ ವರ್ಷದ ಮಾಲಿಗೂ ಇರುವ ಅಂತರ ಅಲ್ಲಿಯೂ ಹಾಗೆಯೇ ಇದೆ. ಬೋರ್ಡೋದಲ್ಲಿ 2005, 2009, 2010, 2015 ಮತ್ತು 2016 ಹೆಸರಾದ ವರ್ಷಗಳು. 2013 ತಂಪು ಮತ್ತು ಮಳೆಯಿಂದ ಸೊರಗಿದ ವರ್ಷ. 2017ರ ಏಪ್ರಿಲಿನಲ್ಲಿ ಹಿಮ ಬಿದ್ದು ಎಷ್ಟೋ ತೋಟಗಳ ಚಿಗುರು ಸುಟ್ಟುಹೋಯಿತು. ಹೆಸರಾದ ವರ್ಷದ ವೈನ್ ಹೆಚ್ಚು ಕಾಲ ಕಾಯಿಸುತ್ತದೆ. ಆದ್ದರಿಂದ ಅಂಥ ಬಾಟಲಿಯನ್ನು ಇಡಲು ತಂಪಾದ ಜಾಗವಿಲ್ಲದವರು ಸಾಧಾರಣ ವರ್ಷದ್ದನ್ನೇ ತರಿಸಿಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ. ಅದು ಬೇಗ ಮೆದುವಾಗುತ್ತದೆ, ಬೆಲೆಯೂ ಕಡಿಮೆ.

ಹೊರದೇಶದಿಂದ ಬರುವ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಮದ್ಯದ ಮಿತಿ ಎರಡು ಲೀಟರ್, ಅಂದರೆ 750 ಮಿಲಿಲೀಟರಿನ ಎರಡು ಬಾಟಲಿಗಳಷ್ಟೇ. ಮಹಾರಾಷ್ಟ್ರದಲ್ಲಿ ಮದ್ಯವನ್ನು ಇಟ್ಟುಕೊಳ್ಳಲು ಮತ್ತು ಸೇವಿಸಲು ಪರವಾನಗಿ ಬೇಕು. ನಮ್ಮ ಬದುಕು ಗಡಿಯ ಎರಡೂ ಕಡೆಗೆ ಹರಡಿರುವುದರಿಂದ, ಬಾಟಲಿಯನ್ನು ವಿಜಯಪುರದ ಕಡೆಗೆ ಒಯ್ಯುವವರು ಅಬಕಾರಿ ನಿಯಮವನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಬೇಸಿಗೆಯಿಂದ ಕಾಯುವುದು

ವೈನಿಗೆ ನಮ್ಮ ಸೀಮೆಯಲ್ಲಿರುವ ದೊಡ್ಡ ಶತ್ರು ಬಿಸಿಲು. ಮಿಕ್ಕ ತಪ್ಪುಗಳನ್ನೆಲ್ಲ ವೈನ್ ಸಹಿಸಿಕೊಳ್ಳುತ್ತದೆ, ಸೆಕೆಯನ್ನು ಸಹಿಸುವುದಿಲ್ಲ. ಒಳ್ಳೆಯ ಕೆಂಪು ವೈನನ್ನು 12ರಿಂದ 14 ಡಿಗ್ರಿ ಉಷ್ಣತೆಯಲ್ಲಿ, ಕತ್ತಲೆಯಲ್ಲಿ, ಅಡ್ಡ ಮಲಗಿಸಿ ಇಡಬೇಕು. ಅಡ್ಡ ಮಲಗಿಸುವುದು ಬೂಚು ಒಣಗಿ ಕುಗ್ಗದಿರಲಿ ಎಂದು. ಕುಗ್ಗಿದರೆ ಅದರ ಸಂದಿಯಿಂದ ಗಾಳಿ ಒಳಹೊಕ್ಕು ವೈನ್ ಹುಳಿಯಾಗುತ್ತದೆ.

ಅಳಿಯಂದಿರು ಮೊದಲ ಸಲ ಬಾಟಲಿ ತಂದಾಗ, "ಮಾವಾರ, ಇದನ್ನ ಎಲ್ಲಿ ಇಡೋಣ್ರಿ?" ಎಂದು ಕೇಳಿದ್ದಕ್ಕೆ ನಾನು ಯೋಚಿಸದೆ ಅಟ್ಟವನ್ನು ತೋರಿಸಿದೆ. ಮೇಲೆ ಪತ್ರಾಸಿನ ಛಾವಣಿ. ಏಪ್ರಿಲ್, ಮೇ ಕಳೆದು ದೀಪಾವಳಿಗೆ ಕೆಳಗಿಳಿಸಿದಾಗ ಬೂಚು ಕಂಠದಿಂದ ಒಂದು ಕಾಳಿನಷ್ಟು ಮೇಲೆದ್ದಿತ್ತು, ಕೆಂಪು ಅಂಟು ಲೇಬಲ್ಲಿನ ಮೇಲೆ ಇಳಿದು ಒಣಗಿತ್ತು. ತೆರೆದರೆ ಬೆಲ್ಲದ ಪಾಕಕ್ಕೆ ಒಣದ್ರಾಕ್ಷಿ ಹಾಕಿ ಸೀಯಿಸಿದಂಥ ವಾಸನೆ. ಬೂಚು ಮೇಲೆದ್ದ ಅಥವಾ ಕಂಠದಲ್ಲಿ ಸೋರಿದ ಗುರುತಿರುವ ಬಾಟಲಿಯನ್ನು ಅಂಗಡಿಯಲ್ಲಿ ಯಾರು ಕೊಟ್ಟರೂ ಕೊಳ್ಳಬಾರದು ಎಂಬ ಪಾಠಕ್ಕೆ ನಾನು ತೆತ್ತ ಬೆಲೆ ಅದು.

ಹಾಗಾದರೆ ಎಲ್ಲಿಡಬೇಕು? ದಪ್ಪ ಗೋಡೆಯ ಹಳೆಯ ಮಾಳಿಗೆ ಮನೆಯಿದ್ದವರು ನಡುಮನೆಯ ಕತ್ತಲೆ ಮೂಲೆಯಲ್ಲಿ ಚಳಿಗಾಲದ ನಾಲ್ಕು ತಿಂಗಳು ಧೈರ್ಯವಾಗಿ ಇಡಬಹುದು. ಬೇಸಿಗೆಗೆ ಅದು ಸಾಲದು. ಹಿಂದೆ ಜೋಳ ತುಂಬುತ್ತಿದ್ದ ಹಗೇವು ನೆನಪಾಗುವುದು ಸಹಜ, ನನಗೂ ಆಯಿತು. ಆದರೆ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿ ಇಳಿದವರು ಪ್ರಾಣ ಕಳೆದುಕೊಂಡದ್ದುಂಟು, ಆದ್ದರಿಂದ ಆ ಯೋಚನೆಯನ್ನು ಬಿಟ್ಟುಬಿಡುವುದೇ ಸರಿ. ಬೇದಾಣಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ನಿಮ್ಮ ಮಾಲು ಇದ್ದರೆ, ಬಾಟಲಿಯನ್ನು ದಪ್ಪ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ ಅದರ ಜೊತೆಗೆ ಇಡಲು ಕೇಳಿನೋಡಬಹುದು: ಅಲ್ಲಿ ಬೇಕಾದುದಕ್ಕಿಂತ ಹೆಚ್ಚು ತಂಪಿರುತ್ತದೆ, ವೈನ್ ನಿಧಾನವಾಗಿ ಮಾಗುತ್ತದೆ, ಆದರೆ ಕೆಡುವುದಿಲ್ಲ. ಅದೂ ಇಲ್ಲದವರಿಗೆ ಮನೆಯ ಫ್ರಿಜ್ಜಿನ ಕೆಳಗಿನ ತರಕಾರಿಯ ಖಾನೆಯೇ ಗತಿ. ಬಾಟಲಿಯನ್ನು ಕಾಗದದಲ್ಲಿ ಸುತ್ತಿ ಅಲ್ಲಿ ಮಲಗಿಸಿ, ಒಂದೆರಡು ಬೇಸಿಗೆಯೊಳಗೆ ಕುಡಿದು ಮುಗಿಸಿರಿ. ವೈನ್ ಫ್ರಿಜ್ಜಿನಲ್ಲಿ ಇಡಬಾರದೆಂದು ಪುಸ್ತಕಗಳಲ್ಲಿ ಬರೆದವರು ಸೋಲಾಪುರದ ಮೇ ತಿಂಗಳನ್ನು ಕಂಡವರಲ್ಲ.

ತೆರೆಯುವ ದಿನ

ಎರಡನೆಯ ಬಾಟಲಿ 2014ರದ್ದು. ಅದಕ್ಕೆ ಮಾಡಿದ್ದನ್ನೇ ಕ್ರಮವಾಗಿ ಹೇಳುತ್ತೇನೆ. ತೆರೆಯುವ ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಬೇಕು. ಹತ್ತು ವರ್ಷ ದಾಟಿದ ಕೆಂಪು ವೈನಿನಲ್ಲಿ ಬಣ್ಣ ಮತ್ತು ಒಗರು ಸೇರಿ ಹುಡಿಯಾಗಿ ಒಂದು ಮಗ್ಗುಲಿಗೆ ಕೂತಿರುತ್ತವೆ. ನಿಲ್ಲಿಸಿದರೆ ಅದು ತಳಕ್ಕೆ ಇಳಿಯುತ್ತದೆ. ಇದು ದೋಷವಲ್ಲ, ಕಲಬೆರಕೆಯೂ ಅಲ್ಲ.

ಬಡಿಸುವ ಹದ 16ರಿಂದ 18 ಡಿಗ್ರಿ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಹುಟ್ಟಿದ್ದು ಯುರೋಪಿನ ಹಳೆಯ ಕಲ್ಲಿನ ಮನೆಗಳಲ್ಲಿ. ನಮ್ಮ ಕೋಣೆಯಲ್ಲಿ ಸಂಜೆಯೂ 32 ಡಿಗ್ರಿ ಇರುತ್ತದೆ, ಆ ಬಿಸಿಯಲ್ಲಿ ಮದ್ಯಸಾರದ ಘಾಟೊಂದೇ ಮೂಗಿಗೆ ಹೊಡೆಯುತ್ತದೆ. ಫ್ರಿಜ್ಜಿನಲ್ಲಿದ್ದ ಬಾಟಲಿಯಾದರೆ ಮುಕ್ಕಾಲು ಗಂಟೆ ಮೊದಲು ಹೊರಗೆ ತೆಗೆದಿಡಿ. ಹೊರಗೇ ಇದ್ದದ್ದಾದರೆ ಬಕೆಟ್ಟಿನಲ್ಲಿ ಐಸು, ನೀರು, ಒಂದು ಹಿಡಿ ಉಪ್ಪು ಹಾಕಿ ಹದಿನೈದು ನಿಮಿಷ ಮುಳುಗಿಸಿಡಿ. ಗ್ಲಾಸಿನೊಳಗೆ ಐಸು ಹಾಕಲೇಬಾರದು. ಸ್ವಲ್ಪ ಹೆಚ್ಚು ತಣ್ಣಗಾದರೆ ಚಿಂತೆಯಿಲ್ಲ, ನಮ್ಮ ಹವೆಯಲ್ಲಿ ಅದು ತಾನಾಗಿಯೇ ಹದಕ್ಕೆ ಬರುತ್ತದೆ.

ಕಂಠದ ತಗಡಿನ ಹೊದಿಕೆಯನ್ನು ಉಬ್ಬಿದ ಅಂಚಿನ ಕೆಳಗೆ ಸುತ್ತಲೂ ಕೊಯ್ದು ತೆಗೆದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಬೂಚು ತೆಗೆಯುವ ತಿರುಪನ್ನು ಅದರ ನಟ್ಟನಡುವೆ ಇಟ್ಟು, ಬಾಟಲಿಯನ್ನು ಅಲುಗಿಸದೆ ತಿರುಪನ್ನಷ್ಟೇ ತಿರುಗಿಸುತ್ತ ಒಂದು ಸುತ್ತು ಹೊರಗುಳಿಯುವವರೆಗೆ ಇಳಿಸಿ, ಮೆಟ್ಟಿಲು ಮೆಟ್ಟಿಲಾಗಿ ಎತ್ತಬೇಕು. ಬೋರ್ಡೋದ ಬೂಚು ಉದ್ದವಾಗಿರುತ್ತದೆ. ಅವಸರದಲ್ಲಿ ಎಳೆದರೆ ನಡುವೆ ಮುರಿಯುತ್ತದೆ. ಮುರಿದರೆ ಉಳಿದ ಅರ್ಧಕ್ಕೆ ತಿರುಪನ್ನು ಓರೆಯಾಗಿ ಹಾಕಿ ಪ್ರಯತ್ನಿಸಿ; ಅದೂ ಆಗದಿದ್ದರೆ ಒಳಕ್ಕೆ ತಳ್ಳಿ ಸೋಸಿಕೊಳ್ಳಿ. ಚಹಾ ಸೋಸುವ ಜಾಳಿಗೆ ಮಾತ್ರ ಬೇಡ, ಅದಕ್ಕೆ ಶುಂಠಿ, ಏಲಕ್ಕಿಯ ವಾಸನೆ ಹಿಡಿದಿರುತ್ತದೆ. ಹೊಸ ಜಾಳಿಗೆ ತೆಗೆದುಕೊಳ್ಳಿ.

ಇನ್ನು ವೈನನ್ನು ಬಾಟಲಿಯಿಂದ ಗಾಜಿನ ಜಗ್ಗಿಗೆ ಇಳಿಸುವ ಕೆಲಸ. ಇದು ಎರಡು ಕಾರಣಕ್ಕೆ: ಎಳೆಯ ವೈನಾದರೆ ಗಾಳಿ ತಾಗಿ ಅದರ ಬಿಗಿ ಸಡಿಲಾಗಲೆಂದು, ಹಳೆಯದಾದರೆ ತಳದ ಹುಡಿ ಬೇರೆಯಾಗಲೆಂದು. ಎಂಟು ವರ್ಷದೊಳಗಿನದನ್ನು ಊಟಕ್ಕೆ ಎರಡು ಗಂಟೆ ಮುಂಚೆ ಇಳಿಸಬಹುದು. ಇಪ್ಪತ್ತು ವರ್ಷ ದಾಟಿದ್ದನ್ನು ಕುಡಿಯುವ ಹೊತ್ತಿಗೇ ಇಳಿಸಬೇಕು, ಇಲ್ಲವಾದರೆ ಅದರ ಸುವಾಸನೆ ಹಾರಿಹೋಗುತ್ತದೆ. ನಮ್ಮದನ್ನು ಒಂದು ಗಂಟೆ ಮುಂಚೆ ಇಳಿಸಿದೆವು. ಮೇಜಿನ ಮೇಲೆ ಮೊಬೈಲಿನ ಟಾರ್ಚನ್ನು ಮೇಲ್ಮುಖವಾಗಿ ಹಚ್ಚಿಟ್ಟು, ಬಾಟಲಿಯ ಕಂಠ ಆ ಬೆಳಕಿನ ಮೇಲೆ ಬರುವಂತೆ ಅಳಿಯಂದಿರು ಹಿಡಿದು, ಒಂದೇ ಧಾರೆಯಾಗಿ, ನಡುವೆ ನಿಲ್ಲಿಸದೆ ಬಗ್ಗಿಸಿದರು. ಮೊದಲು ಧಾರೆ ನೇರಳೆ ಹಣ್ಣಿನ ರಸದಂತೆ ತಿಳಿಯಾಗಿ ಹೊಳೆಯುತ್ತಿತ್ತು. ಕೊನೆಗೆ ಬಾಟಲಿಯ ಭುಜದ ಬಳಿ ಕಪ್ಪು ಹೊಗೆಯಂಥ ಒಂದು ಎಳೆ ಮೆಲ್ಲನೆ ಕಂಠದ ಕಡೆಗೆ ಹರಿದು ಬಂತು. ಅದು ಕಂಡ ಕ್ಷಣವೇ ಬಾಟಲಿಯನ್ನು ನೆಟ್ಟಗೆ ಮಾಡಬೇಕು. ತಳದಲ್ಲಿ ಉಳಿಯುವುದು ಎರಡು ಮೂರು ಚಮಚ, ಅದರ ಆಸೆ ಬೇಡ. ಬೋರ್ಡೋ ಬಾಟಲಿಯ ಭುಜ ಎತ್ತರವಾಗಿರುವುದರಿಂದ ಹುಡಿಯನ್ನು ತಡೆಯಲು ಅನುಕೂಲ. ಬರ್ಗಂಡಿಯ ಇಳಿಜಾರು ಭುಜದ ಬಾಟಲಿಯಲ್ಲಿ ಇನ್ನಷ್ಟು ಎಚ್ಚರ ಬೇಕು.

ಮೊದಲ ಗುಟುಕಿಗೆ ಮುನ್ನ ಮೂಸಿ ನೋಡಿ. ನೆನೆದ ರಟ್ಟು ಅಥವಾ ಮಳೆಗೆ ತೊಯ್ದ ಹಳೆಯ ಪತ್ರಿಕೆಯ ವಾಸನೆ ಬಂದರೆ ದೋಷ ಬೂಚಿನದು. ಅದಕ್ಕೆ ಪರಿಹಾರವಿಲ್ಲ. ಲೇಬಲ್ಲಿನಲ್ಲಿ ಸಲ್ಫೈಟ್ ಇದೆ ಎಂದು ಬರೆದಿರುವುದನ್ನು ನೋಡಿ ಹೆದರುವವರಿದ್ದಾರೆ. ಬೇದಾಣಿಗೆ ಗಂಧಕದ ಹೊಗೆ ಕೊಟ್ಟು ಬಣ್ಣ ಕಾಯುವ ನಮಗೆ ಅದು ಹೊಸದೇನಲ್ಲ. ಯುರೋಪಿನಲ್ಲಿ ಸಿಹಿಯಿಲ್ಲದ ಕೆಂಪು ವೈನಿಗೆ ಇರುವ ಮಿತಿ ಲೀಟರಿಗೆ 150 ಮಿಲಿಗ್ರಾಂ. ಗಂಧಕ ಒಗ್ಗದ ಉಬ್ಬಸದ ರೋಗಿಗಳು ಮಾತ್ರ ಎರಡರಿಂದಲೂ ದೂರವಿರಬೇಕು.

ಒಗರಿನ ಲೆಕ್ಕ

ಗ್ಲಾಸಿನ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಮೇಲಿನ ಜಾಗ ವಾಸನೆ ನಿಲ್ಲಲು. ಬಾಯಿ ಕಿರಿದಾದ, ಹೊಟ್ಟೆ ಅಗಲವಾದ ತೆಳು ಗಾಜಿನ ಗ್ಲಾಸು ಉತ್ತಮ. ಸ್ಟೀಲಿನ ಲೋಟದಲ್ಲಿ ಬಣ್ಣವೂ ಕಾಣದು, ವಾಸನೆಯೂ ನಿಲ್ಲದು.

ಹೊಸಬರಿಗೆ ಈ ವೈನ್ ಮೊದಲು ನಿರಾಶೆ ತರುತ್ತದೆ, ಏಕೆಂದರೆ ದ್ರಾಕ್ಷಿಯೆಂದರೆ ಸಿಹಿಯೆಂಬ ನಿರೀಕ್ಷೆ ನಮ್ಮದು. ಇಲ್ಲಿ ಸಕ್ಕರೆಯೆಲ್ಲ ಹುದುಗಿ ಮದ್ಯಸಾರವಾಗಿರುತ್ತದೆ. ನಾಲಿಗೆಗೆ ಸಿಗುವುದು ಹುಳಿ ಮತ್ತು ಒಗರು. ಈ ಒಗರು ಎಂಬ ಒಂದು ಪದ ಗೊತ್ತಿದ್ದರೆ ಅರ್ಧ ವೈನ್ ತಿಳಿದಂತೆಯೇ. ಹಸಿ ಅಡಿಕೆಯಲ್ಲಿ, ಬಲಿಯದ ಬಾಳೆಕಾಯಿಯಲ್ಲಿ ಇರುವುದೂ ಇದೇ. ಥಾಮ್ಸನ್ ಎಂಬ ತಿನ್ನುವ ದ್ರಾಕ್ಷಿಯನ್ನೇ ತಿಂದು ಬೆಳೆದ ನಮಗೆ ದ್ರಾಕ್ಷಿಯಲ್ಲಿ ಒಗರಿದೆಯೆಂಬುದೇ ಮರೆತುಹೋಗಿದೆ, ಏಕೆಂದರೆ ಅದಕ್ಕೆ ಬೀಜವಿಲ್ಲ, ಸಿಪ್ಪೆ ತೆಳು, ಮೇಲಾಗಿ ಜೀಯೆ (ಜಿಬ್ಬರೆಲಿಕ್ ಆಮ್ಲ) ಎಂಬ ಬೆಳವಣಿಗೆಯ ಮದ್ದಿನ ದ್ರಾವಣದಲ್ಲಿ ಅದ್ದಿ ಕಾಳನ್ನು ಉದ್ದ ಮಾಡಿರುತ್ತೇವೆ. ಲೆಯೊವೀಲ್ ಬಾರ್ಟನ್ ತೋಟದಲ್ಲಿ ಸುಮಾರು ಮುಕ್ಕಾಲು ಪಾಲಿರುವ ಕ್ಯಾಬರ್ನೆ ಸೋವಿನ್ಯೋ ಚಿಕ್ಕ ಕಾಳಿನ, ದಪ್ಪ ಸಿಪ್ಪೆಯ, ಬೀಜವಿರುವ ತಳಿ. ರಸಕ್ಕೆ ಹೋಲಿಸಿದರೆ ಅದರಲ್ಲಿ ಸಿಪ್ಪೆಯ ಪಾಲು ಬೇರೆ ತಳಿಗಳಿಗಿಂತ ಹೆಚ್ಚು; ಆ ಸಿಪ್ಪೆಯೊಂದಿಗೇ ಹುದುಗಿಸುವುದರಿಂದ ಬಣ್ಣವೂ ಒಗರೂ ವೈನಿಗೆ ಇಳಿಯುತ್ತವೆ, ಬಳಿಕ 225 ಲೀಟರಿನ ಓಕ್ ಪೀಪಾಯಿಗಳಲ್ಲಿ ವರ್ಷ ಮೀರಿ ಮಾಗುತ್ತವೆ.

ಇಳುವರಿಯ ಲೆಕ್ಕ ಇನ್ನೂ ವಿಚಿತ್ರ. ನಾವು ಒಂಬತ್ತಕ್ಕೆ ಐದು ಅಡಿಯ ಅಂತರದಲ್ಲಿ ಎಕರೆಗೆ ಸುಮಾರು 970 ಬಳ್ಳಿ ಹಚ್ಚಿ, ಒಂದೊಂದರಿಂದ ಹತ್ತು ಹನ್ನೆರಡು ಕಿಲೋ ಹಣ್ಣು ಇಳಿಸುತ್ತೇವೆ. ಅಲ್ಲಿನ ಗರಸು ಮಣ್ಣಿನಲ್ಲಿ ಹೆಕ್ಟೇರಿಗೆ ಒಂಬತ್ತು ಸಾವಿರದವರೆಗೆ ಬಳ್ಳಿಗಳನ್ನು ಒತ್ತೊತ್ತಾಗಿ, ನೆಲಕ್ಕೆ ಹತ್ತಿರವಾಗಿ ಬೆಳೆಸಿ, ಒಂದು ಬಳ್ಳಿಯಿಂದ ಒಂದು ಬಾಟಲಿ ಬಂದರೆ ಬಹಳವೆನ್ನುತ್ತಾರೆ. ನಮ್ಮ ಪಕ್ಕದ ಪಡದ ಕಾಕಾ ಇದನ್ನು ಕೇಳಿ, "ಹಂಗಾದ್ರ ಸಾಲಾ ಹೆಂಗ ತೀರಸ್ತಾರಪಾ?" ಎಂದರು. ಬೇರಿನ ವಿಷಯದಲ್ಲಿ ಮಾತ್ರ ಅವರೂ ನಾವೂ ಒಂದೇ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲೊಕ್ಸೆರಾ ಎಂಬ ಬೇರುಹೇನು ಫ್ರಾನ್ಸಿನ ತೋಟಗಳನ್ನು ಒಣಗಿಸಿದ ಮೇಲೆ ಅವರು ಅಮೆರಿಕದ ಕಾಡುದ್ರಾಕ್ಷಿಯ ಬೇರಿಗೆ ಕಸಿ ಕಟ್ಟತೊಡಗಿದರು. ನಾವು ಉಪ್ಪುನೀರು ಮತ್ತು ಬರಕ್ಕೆ ಹೆದರಿ ಕಸಿ ಕಟ್ಟುವ ಡಾಗ್ರಿಜ್ ಕೂಡ ಅಮೆರಿಕದ ಬೇರೇ.

ಯಾವ ಊಟದೊಂದಿಗೆ

ಒಗರು ಕೊಬ್ಬು ಮತ್ತು ಮಾಂಸದೊಂದಿಗೆ ಕೂಡಿ ಮೆದುವಾಗುತ್ತದೆ, ಖಾರದೊಂದಿಗೆ ಕೆರಳುತ್ತದೆ. ಇದರಿಂದ ನಮ್ಮ ಅಡುಗೆಯಲ್ಲಿ ಆಯ್ಕೆ ತಾನಾಗಿಯೇ ಆಗುತ್ತದೆ. ಕೊಲ್ಹಾಪುರ, ಸಾಂಗಲಿಯ ಕಡೆಯ ಮಟನ್ ಊಟದಲ್ಲಿ ತಾಂಬಡಾ ರಸ್ಸಾವನ್ನು ಬದಿಗಿಟ್ಟು ಪಾಂಢರಾ ರಸ್ಸಾ ಬಡಿಸಿಕೊಳ್ಳಿ. ಕೊಬ್ಬರಿ ಹಾಲು, ಎಳ್ಳು, ಎಲುಬಿನ ಸಾರ ಕೂಡಿದ ಆ ಬಿಳಿ ರಸಕ್ಕೆ ಈ ವೈನ್ ಹೇಳಿ ಮಾಡಿಸಿದಂತಿದೆ. ಕೊಬ್ಬಿರುವ ಮಟನ್ನನ್ನು ಮೆಣಸಿನಪುಡಿ ಕಡಿಮೆ ಮಾಡಿ, ಕರಿಮೆಣಸು ಮತ್ತು ಈರುಳ್ಳಿಯಲ್ಲಿ ನಿಧಾನವಾಗಿ ಬೇಯಿಸಿದರೂ ಸರಿ. ಮಾಂಸ ತಿನ್ನದ ಮನೆಗಳಲ್ಲಿ ಖಾರ ತಗ್ಗಿಸಿದ ಎಣ್ಣೆಗಾಯಿ ಮತ್ತು ಬೆಣ್ಣೆ ಸವರಿದ ಬಿಸಿ ಜೋಳದ ರೊಟ್ಟಿ ಚೆನ್ನಾಗಿ ಹೊಂದುತ್ತವೆ. ಬದನೆಯ ಮೆತ್ತನೆಯ ತಿರುಳು, ಶೇಂಗಾದ ಜಿಡ್ಡು ಒಗರನ್ನು ಹಿಡಿದುಕೊಳ್ಳುತ್ತವೆ. ಹಸಿಮೆಣಸಿನಕಾಯಿಯ ಠೇಚಾ, ಪುಂಡಿಪಲ್ಯ, ಮೊಸರು ಆ ಹೊತ್ತಿಗೆ ಬೇಡ. ಎಲೆ ಅಡಿಕೆ ಹಾಕಿಕೊಳ್ಳುವವರು ಊಟ ಮುಗಿಯುವವರೆಗೆ ತಡೆದಿರಬೇಕು, ಇಲ್ಲವಾದರೆ ಅಡಿಕೆಯ ಒಗರಿನ ಮುಂದೆ ವೈನಿನದು ತಿಳಿಯುವುದೇ ಇಲ್ಲ.

ಬಾಟಲಿಯನ್ನು ಒಂದೇ ದಿನ ಮುಗಿಸಬೇಕೆಂದಿಲ್ಲ. ಕುಡಿಯುವವರು ಇಬ್ಬರೇ ಆದರೆ ಜಗ್ಗಿಗೆ ಇಳಿಸಿದ ಕೂಡಲೇ, ಚೆನ್ನಾಗಿ ತೊಳೆದು ಒಣಗಿಸಿದ 180 ಮಿಲಿಲೀಟರಿನ ಎರಡು ಕ್ವಾರ್ಟರ್ ಬಾಟಲಿಗಳಿಗೆ ಕಂಠದವರೆಗೂ ತುಂಬಿ, ಗಾಳಿಗೆ ಜಾಗವಿಲ್ಲದಂತೆ ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿ ಇಟ್ಟುಬಿಡಿ. ಬಾಟಲಿಯಲ್ಲಿಯೇ ಅರ್ಧ ಉಳಿಸಿದ್ದು ಎರಡು ಮೂರು ದಿನಕ್ಕೆ ಸಪ್ಪೆಯಾಗುತ್ತದೆ, ಹೀಗೆ ತುಂಬಿಟ್ಟದ್ದು ವಾರದವರೆಗೆ ತಡೆಯುತ್ತದೆ. ಆ ಪುಟ್ಟ ಬಾಟಲಿಗಳ ಮೇಲೆ ಒಂದು ಚೀಟಿ ಅಂಟಿಸುವುದನ್ನು ಮರೆಯಬೇಡಿ. ನಮ್ಮ ಮನೆಯಲ್ಲಿ ಒಂದನ್ನು ಕೋಕಮ್ ಸಾರವೆಂದು ತಿಳಿದು ಸಕ್ಕರೆ ಹಾಕಿ ಕದಡಿಯಾಗಿತ್ತು.